ಬಿಲ್ಲಿನಲ್ಲಿ ಹಿಡಿದ ದುಡ್ಡು: ಹರಿಹರದ ಸಣ್ಣ ಗುತ್ತಿಗೆದಾರರ ತೆರಿಗೆ ಚರಿತ್ರೆ

ಹರಿಹರದ ಲೇತ್ ಶೆಡ್ ಮಾಲೀಕರನ್ನೋ ದಾವಣಗೆರೆ ಕಡೆಯ ಕಟ್ಟಡ ಮೇಸ್ತ್ರಿಗಳನ್ನೋ ಮಾತಾಡಿಸಿದರೆ ನಮಗೆ ಪದೇ ಪದೇ ಕೇಳಿಬರುವುದು ಒಂದೇ ಮಾತು: ಬಿಲ್ಲಿನಲ್ಲಿ ಟಿಡಿಎಸ್ ಹಿಡಿದರು, ಅಲ್ಲಿಗೆ ತೆರಿಗೆ ಕಥೆ ಮುಗಿಯಿತು. ಕಥೆ ಮುಗಿದಿರುವುದಿಲ್ಲ. ಹಿಡಿದದ್ದು ಬರೀ ಮುಂಗಡ. ವರ್ಷದ ಲೆಕ್ಕ ಕೊಟ್ಟರೆ ಅದರಲ್ಲಿ ಒಂದು ಪಾಲು, ಎಷ್ಟೋ ಸಲ ಪೂರ್ತಿ ಹಣ, ವಾಪಸ್ ಬರಬೇಕು. ಈ ಗೊಂದಲಕ್ಕೆ ಐವತ್ತು ವರ್ಷದ ಹಿನ್ನೆಲೆ ಇದೆ.

ಅದಕ್ಕೂ ಹಿಂದಿನದನ್ನು ಬೇಗ ಹೇಳಿಬಿಡುತ್ತೇವೆ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಿಕೊಳ್ಳಲು ಬ್ರಿಟಿಷರು 1860ರಲ್ಲಿ ಆದಾಯ ತೆರಿಗೆ ತಂದರು. ನಮ್ಮಲ್ಲಿ ತುಂಗಭದ್ರೆಯೇ ಗಡಿ. ಹೊಳೆ ಆಚೆಯ ಕುಮಾರಪಟ್ಟಣ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಈಚೆಯ ಹರಿಹರ ಮೈಸೂರು ಸಂಸ್ಥಾನಕ್ಕೆ. ಸಂಸ್ಥಾನಕ್ಕೆ ತನ್ನದೇ 1923ರ ಆದಾಯ ತೆರಿಗೆ ಕಾಯ್ದೆ ಇತ್ತು. ಎರಡೂ ದಂಡೆಗೆ ಒಂದೇ ಕಾನೂನು ಬಂದದ್ದು 1950ರ ಏಪ್ರಿಲ್ 1ರಂದು.

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಹೊಳೆ ಆಚೆ 1970ರ ದಶಕದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಎದ್ದಿತು. ಇಂಥ ಕಾರ್ಖಾನೆಗಳ ಸುತ್ತ ಇನ್ನೊಂದು ಲೋಕವೇ ಬೆಳೆಯುತ್ತದೆ: ಕಂಪನಿ ಕೊಟ್ಟ ಎರಕವನ್ನು ಶೆಡ್ಡಿನಲ್ಲಿ ಕಡೆದುಕೊಡುವವರು, ಲೋಡಿಂಗಿಗೆ ಜನ ಕರೆತರುವವರು, ಗೋಡೆ ಕಟ್ಟುವವರು. ಇವರಿಗೆ ತಿಂಗಳ ಸಂಬಳ ಇಲ್ಲ, ಬಿಲ್ಲು ಮಾತ್ರ.

1972ರಲ್ಲಿ ಸರ್ಕಾರ ಆದಾಯ ತೆರಿಗೆ ಕಾಯ್ದೆಗೆ 194ಸಿ ಎಂಬ ವಿಭಾಗ ಸೇರಿಸಿತು. ಗುತ್ತಿಗೆದಾರನಿಗೆ ಹಣ ಕೊಡುವ ಸರ್ಕಾರಿ ಇಲಾಖೆ, ಕಂಪನಿಗಳು ನೂರಕ್ಕೆ 2 ರೂಪಾಯಿ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಉದ್ದೇಶ ಕೆಟ್ಟದ್ದಲ್ಲ. ಸಂಬಳದಾರನ ತೆರಿಗೆ ಕೈಗೆ ಬರುವ ಮೊದಲೇ ಕಟ್ ಆಗುತ್ತಿತ್ತು, ದೊಡ್ಡ ಗುತ್ತಿಗೆದಾರರು ಲೆಕ್ಕ ಕೊಡದೆ ಜಾರಿಕೊಳ್ಳುತ್ತಿದ್ದರು. ಆದರೆ ಹಿಡಿಯುವುದು ಲಾಭದ ಮೇಲಲ್ಲ, ಇಡೀ ಬಿಲ್ಲಿನ ಮೇಲೆ. ಸಾವಿರ ರೂಪಾಯಿ ಬಿಲ್ಲಿನಲ್ಲಿ ಕೂಲಿ, ಕರೆಂಟು, ಟೂಲ್ ಖರ್ಚು ಕಳೆದು 50 ರೂಪಾಯಿ ಉಳಿಯಿತು ಅನ್ನಿ. ಹಿಡಿದದ್ದು 20. ಅಂದರೆ ಲಾಭದ ಐದರಲ್ಲಿ ಎರಡು ಪಾಲು! ಹೆದ್ದಾರಿ ಹಾಕುವ ಕಂಪನಿಗೂ ಎರಡು ಲೇತಿನ ಶೆಡ್ಡಿಗೂ ಒಂದೇ ಅಳತೆಗೋಲು. ನಮ್ಮ ಪ್ರಕಾರ ಅನ್ಯಾಯ ಹೊಕ್ಕಿದ್ದು ಇಲ್ಲೇ.

ಯಾವ ಕೆಲಸಕ್ಕೆ ಈ ಕಡಿತ ಅನ್ವಯ ಎಂಬ ಜಗಳ ಇಪ್ಪತ್ತು ವರ್ಷ ನಡೆಯಿತು. ಸಿಮೆಂಟ್ ಚೀಲ ಲೋಡ್ ಮಾಡಿಸುವ ಗುತ್ತಿಗೆಯ ವಿಚಾರದಲ್ಲಿ ಎಸಿಸಿ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಲ್ಲಿ ತೀರ್ಪು ಬಂತು: ಯಾವುದೇ ಕೆಲಸವಾದರೂ ಅನ್ವಯ, ಗುತ್ತಿಗೆದಾರನಿಗೆ ಕೊಡುವ ಪೂರ್ತಿ ಹಣದ ಮೇಲೆ ಕಡಿತ. ಆಳುಗಳಿಗೆ ಹಂಚಬೇಕಾದ ಕೂಲಿಯೂ ಆ ಲೆಕ್ಕದೊಳಗೆ ಬಿತ್ತು.

ಮರುವರ್ಷ, 1994ರಲ್ಲಿ, ಒಂದು ಸಮಾಧಾನ ಸಿಕ್ಕಿತು. 44ಎಡಿ ಎಂಬ ವಿಭಾಗದಲ್ಲಿ 40 ಲಕ್ಷದೊಳಗಿನ ವಹಿವಾಟಿನವರು ಪುಸ್ತಕ ಬರೆಯದೆ ನೂರಕ್ಕೆ 8 ಲಾಭ ಎಂದು ತೋರಿಸಬಹುದಾಯಿತು. ಆದರೆ ಕಟ್ಟಡ ಕೆಲಸದವರಿಗೆ, ಅದಕ್ಕೆ ಜನ ಒದಗಿಸುವವರಿಗೆ ಮಾತ್ರ. ಕಡೆಯುವ ಕೆಲಸದ ಶೆಡ್ಡಿಗೆ ಆ ಬಾಗಿಲು ತೆರೆದದ್ದು 2010-11ರ ಲೆಕ್ಕವರ್ಷದಿಂದ. ಅಷ್ಟರಲ್ಲಿ ಕಿರ್ಲೋಸ್ಕರ್ ಕಂಪನಿಯೇ ಬಾಗಿಲು ಹಾಕಿಯಾಗಿತ್ತು. ಕಂಪನಿ ಬದುಕಿದ್ದ ಕಾಲದ ಜಾಬ್ ವರ್ಕಿನವರಿಗೆ ಆ ಸುಲಭ ಲೆಕ್ಕ ದಕ್ಕಲೇ ಇಲ್ಲ.

2009ರ ಅಕ್ಟೋಬರಿನಿಂದ ಒಬ್ಬನೇ ಮಾಲೀಕನಾದರೆ ಕಡಿತ ನೂರಕ್ಕೆ 1. ಪ್ಯಾನ್ ನಂಬರ್ ಕೊಡದಿದ್ದರೆ 2010ರಿಂದ 20. ಬ್ಯಾಂಕು, ಯುಪಿಐ ಮೂಲಕ ಬಂದ ಹಣಕ್ಕೆ ಲಾಭವನ್ನು ನೂರಕ್ಕೆ 6 ಎಂದು ತೋರಿಸಲು 2016-17ರಿಂದ ಅವಕಾಶ ಇದೆ. ವರ್ಷಕ್ಕೆ 12 ಲಕ್ಷದ ಬಿಲ್ಲು ಬ್ಯಾಂಕಿಗೆ ಬಂದವರ ಲೆಕ್ಕ ನೋಡಿ. ಹಿಡಿದದ್ದು 12,000. ತೋರಿಸಬೇಕಾದ ಲಾಭ 72,000. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ, 12,000 ಪೂರ್ತಿ ವಾಪಸ್. ರಿಟರ್ನ್ಸ್ ಹಾಕದಿದ್ದರೆ ಯಾರೂ ತಾವಾಗಿ ತಂದುಕೊಡುವುದಿಲ್ಲ. ಹಳೇ ವರ್ಷಗಳದ್ದು ಬಿಟ್ಟುಹೋಗಿದ್ದರೆ ವಿಳಂಬ ಮನ್ನಿಸಿ ಎಂದು ಬೇರೆಯೇ ಅರ್ಜಿ ಹಾಕಬೇಕು, ಅದಕ್ಕೂ ಕಾಲಮಿತಿ ಇದೆ.

ಆಡಿಟರ್ ಹತ್ತಿರ ಹೋಗುವುದು ದೊಡ್ಡವರ ಕೆಲಸ ಎಂದು ನಮ್ಮ ಕಡೆ ಜನ ಹಿಂಜರಿಯುತ್ತಾರೆ. ಆದರೆ ಈ ಸುಲಭ ಲೆಕ್ಕದಲ್ಲೂ ತಿರುವುಗಳಿವೆ. ಕಮಿಷನ್, ದಲ್ಲಾಳಿ ಆದಾಯಕ್ಕೆ ಇದು ನಡೆಯದು. ಒಮ್ಮೆ ಹಿಡಿದು ನಡುವೆ ಬಿಟ್ಟರೆ ಐದು ವರ್ಷ ಮತ್ತೆ ಸಿಗದು. ಮೇಲಾಗಿ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು, 2026ರ ಏಪ್ರಿಲ್ 1ರಿಂದ ವಿಭಾಗದ ಸಂಖ್ಯೆಗಳೇ ಬದಲು. ಹೋಗುವಾಗ ವರ್ಷದ ಬಿಲ್ಲುಗಳು, ಪಾಸ್‌ಬುಕ್ ಒಯ್ಯಿರಿ. ನಿಮ್ಮ ಪ್ಯಾನ್ ಹೆಸರಿನಲ್ಲಿ ಯಾರು ಎಷ್ಟು ಕಟ್ಟಿದ್ದಾರೆ ಎಂದು ತೋರಿಸುವ 26ಎಎಸ್ ಪಟ್ಟಿಯ ಪ್ರಿಂಟ್ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಹಿಡಿದದ್ದು ಅದರಲ್ಲಿ ಕಾಣದಿದ್ದರೆ ಹಿಡಿದವರನ್ನೇ ಮೊದಲು ವಿಚಾರಿಸಿ. ಮತ್ತೆ ಇಲಾಖೆಯ ಖಾತೆಯಲ್ಲಿ ಮೊಬೈಲ್ ನಂಬರ್, ಬ್ಯಾಂಕ್ ನಂಬರ್ ಎರಡೂ ನಿಮ್ಮದೇ ಇರಲಿ. ರಿಫಂಡ್ ಬೀಳುವುದು ಅಲ್ಲಿ ಬರೆದ ಖಾತೆಗೆ.