ಋತುಗಾನದೊಳಗಿನ ಶೋಕ

ಋತುವರ್ಣನೆ ನಮ್ಮ ಕಾವ್ಯಕ್ಕೆ ಹೊಸದಲ್ಲ. ಲಕ್ಷಣಕಾರರು ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು. ಹಳಗನ್ನಡದ ಕವಿಗಳು ಅದನ್ನು ವೈಭವದಿಂದಲೇ ನಿರ್ವಹಿಸಿದರು. ಆದರೆ ಅಲ್ಲಿ ವಸಂತವು ಬಹುಮಟ್ಟಿಗೆ ನಾಯಕ ನಾಯಿಕೆಯರ ಶೃಂಗಾರಕ್ಕೆ ಹಿನ್ನೆಲೆ. ತನ್ನ ದುಃಖವನ್ನು ಎದೆಯಲ್ಲಿಟ್ಟುಕೊಂಡ ಮನುಷ್ಯನೊಬ್ಬನು ಚಿಗುರಿದ ಮರದೆದುರು ನಿಂತು ಚಿಂತಿಸುವ ಬಗೆ ಸ್ವತಂತ್ರ ಭಾವಗೀತೆಯಾಗಿ ಬೆಳೆದದ್ದು ನವೋದಯದ ಕಾಲದಲ್ಲಿ. ಸಂತೋಷದ ಹಾಡೆಂದು ನಾವು ಹಾಡಿಕೊಳ್ಳುವ ಋತುಗೀತೆಗಳ ಪಕ್ಕದಲ್ಲಿಯೇ ಶೋಕವೂ ಕುಳಿತಿದೆಯೆಂಬುದನ್ನು ಈ ಚರಿತ್ರೆಯಲ್ಲಿ ನಾವು ಸಾಕಷ್ಟು ಗಮನಿಸಿಲ್ಲ.

1926ರಲ್ಲಿ ಪ್ರಕಟವಾದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ವಸಂತನನ್ನು ಸ್ವಾಗತಿಸುವ ಗೀತೆಯೊಂದುಂಟು. ಶಾಲೆಯ ಮಕ್ಕಳೂ ಅದನ್ನು ಕುಣಿದಾಡುತ್ತ ಹಾಡಿದ್ದಾರೆ. ಅದರ ಮೂಲವನ್ನು ಬರೆದವನು ಥಾಮಸ್ ನ್ಯಾಷ್. ಅದು ಬರುವುದು 1592ರ ಪ್ಲೇಗಿನ ದಿನಗಳಲ್ಲಿ ರಚಿತವಾಗಿ 1600ರಲ್ಲಿ ಅಚ್ಚಾದ ಅವನ ನಾಟಕವೊಂದರಲ್ಲಿ. ಅದೇ ನಾಟಕದಲ್ಲಿ, ಬೇನೆಗೆ ಸಿಕ್ಕಿ ಸಾಯಲಿರುವವನು ಲೋಕಕ್ಕೆ ವಿದಾಯ ಹೇಳುವ ಹಾಡೂ ಇದೆ. ಕೋಗಿಲೆಯ ದನಿಯೂ ಮರಣದ ಭೀತಿಯೂ ಒಂದೇ ರಂಗಸ್ಥಳದ ಮೇಲೆ ಕೇಳಿಬಂದುವು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗನ್ನು ಕಂಡಿದ್ದ ತಲೆಮಾರು ಇನ್ನೂ ಬದುಕಿದ್ದಾಗ ಆ ವಸಂತಗೀತೆ ಕನ್ನಡಕ್ಕೆ ಬಂದಿತು.

ಬೇಂದ್ರೆಯವರ ಯುಗಾದಿಯ ಗೀತೆಯ ಕಥೆಯೂ ಹೀಗೆಯೇ. 1963ರ ‘ಕುಲವಧು’ ಚಲನಚಿತ್ರದ ಮೂಲಕ ಅದು ಮನೆಮನೆಯ ಹಬ್ಬದ ಹಾಡಾಯಿತು. ಹಾಡುವವರು ಹೊಂಗೆಯ ಹೂವನ್ನೂ ದುಂಬಿಯನ್ನೂ ನೆನೆಯುತ್ತಾರೆ. ಮುಂದಿನ ಪ್ರಶ್ನೆಯನ್ನು ಮರೆಯುತ್ತಾರೆ. ಮರಕ್ಕೆ ವರ್ಷವರ್ಷವೂ ಹೊಸ ಹುಟ್ಟು, ಮನುಷ್ಯನಿಗೇಕೆ ಒಂದೇ ಬಾಲ್ಯ, ಒಂದೇ ಹರೆಯ? ಕವಿ ಈ ಪ್ರಶ್ನೆಯನ್ನು ಚಿರಕುಮಾರನಾದ ಸನತ್ಕುಮಾರನ ಮುಂದೆ ಇಡುತ್ತಾರೆ. ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡ ತಂದೆಯ ಲೇಖನಿಯಿಂದ ಬಂದ ಮಾತೆಂದು ನೆನೆದಾಗ ಇದು ಬರಿಯ ಕವಿಚಮತ್ಕಾರವಾಗಿ ಉಳಿಯುವುದಿಲ್ಲ.

ಇದೇ ಚಿಂತೆಯನ್ನು ಬೇರೊಂದು ದಿಕ್ಕಿನಿಂದ ನೋಡಿದವರು ಕೋಲಾರ ಸೀಮೆಯ ಡಿ. ವಿ. ಗುಂಡಪ್ಪನವರು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಯೌವನ ಮುಗಿಯುವ ಮುನ್ನವೇ ಪತ್ನಿಯನ್ನು ಕಳೆದುಕೊಂಡರು. ಮರುಮದುವೆಯನ್ನು ಒಲ್ಲದೆ ಉಳಿದರು. 1943ರಲ್ಲಿ ಹೊರಬಂದ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳಲ್ಲಿ ಬೇರು, ಚಿಗುರು, ಹುಲ್ಲು, ಹೂವುಗಳು ಮತ್ತೆ ಮತ್ತೆ ಬರುತ್ತವೆ. ಬೇಂದ್ರೆಯವರು ಮರಕ್ಕೂ ಮನುಷ್ಯನಿಗೂ ಇರುವ ಅಂತರವನ್ನು ಕಂಡು ನೊಂದರೆ, ಡಿ. ವಿ. ಜಿ. ಹಳತು ಹೊಸತುಗಳ ಕೂಟದಲ್ಲಿಯೇ ಮರದ ಸೊಬಗನ್ನು ಕಂಡು ನೋವನ್ನು ಸಹಿಸಿದರು. ಇಬ್ಬರೂ ಅಳುವನ್ನು ಮುಚ್ಚಿಡಲಿಲ್ಲ, ಅಳುವೇ ಕೊನೆಯೆನ್ನಲೂ ಇಲ್ಲ.

ಜೀವನದಿಯಿಲ್ಲದ ಆ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಮಾಲೂರಿನ ಬಳಿಯ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಹೆಸರಾದದ್ದು. ಅದರ ಸುತ್ತಿನ ಹೊಲಗಳಲ್ಲಿ ರಾಗಿ ಮೊಳೆಯಬೇಕಾದರೆ ಆಕಾಶ ಕರಗಬೇಕು, ಕೆರೆ ತುಂಬಬೇಕಾದರೂ ಅಷ್ಟೇ. ಆದರೂ ಬಯಲುಸೀಮೆಯ ಹೊಂಗೆ ಚಿಗುರುವುದು ಮುಂಗಾರನ್ನು ಕಾದು ಅಲ್ಲ; ನೆಲ ಬಿರುಕು ಬಿಟ್ಟಿರುವ ಚೈತ್ರದಲ್ಲಿ. ನಮ್ಮ ಕವಿಗಳ ಭರವಸೆ ಆ ಜಾತಿಯದು. ಮುಂದಿನ ಯುಗಾದಿಗೆ ಬೇಂದ್ರೆಯವರ ಆ ಗೀತೆಯನ್ನು ಹಾಡುವವರು ಅದರ ಕೊನೆಯ ಪ್ರಶ್ನೆಯನ್ನೂ ಬಿಡದೆ ಹಾಡಲಿ.