ಹೂಮಳೆಯ ಮರುವರ್ಷ: ಸೋಂಕಿನ ಕಾಲದ ಶುಶ್ರೂಷಕರ ಮನೋವೇದನೆ ಮತ್ತು ಧರ್ಮಸಭೆಯ ಸ್ಮೃತಿ

2020ರ ಮೇ 3ರಂದು ಭಾರತದ ಅನೇಕ ಆಸ್ಪತ್ರೆಗಳ ಮೇಲೆ ಸೇನೆಯ ಹೆಲಿಕಾಪ್ಟರುಗಳು ಹೂಮಳೆ ಸುರಿಸಿದವು. ಕೋವಿಡ್ ರೋಗಿಗಳ ಸೇವೆಯಲ್ಲಿದ್ದ ವೈದ್ಯರಿಗೆ, ದಾದಿಯರಿಗೆ, ಸ್ವಚ್ಛತಾ ಸಿಬ್ಬಂದಿಗೆ ಅದು ರಾಷ್ಟ್ರದ ವಂದನೆ. 'ಕೊರೊನಾ ಯೋಧರು' ಎಂಬ ಬಿರುದು ಅಷ್ಟರಲ್ಲಿ ಮನೆಮಾತಾಗಿತ್ತು. ಮರುವರ್ಷ ಅದೇ ಮೇ 3ರ ಬೆಳಗಾಗುವ ವೇಳೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದ ಅವಧಿಯೊಳಗೆ 24 ರೋಗಿಗಳು ಮೃತಪಟ್ಟಿದ್ದರು. ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕೆ ಕೊರತೆ ಉಂಟಾಗಿತ್ತು.

ಹರದನಹಳ್ಳಿಯಿಂದ ಗುಂಡ್ಲುಪೇಟೆಯವರೆಗಿನ ಹಳ್ಳಿಗಾಡಿನ ಬಡವರಿಗೆ ಉಸಿರು ಕಟ್ಟಿದಾಗ ತಟ್ಟಲು ಇದ್ದ ದೊಡ್ಡ ಬಾಗಿಲು ಆ ಆಸ್ಪತ್ರೆಯೇ. 2020ರ ಜೂನ್ ತಿಂಗಳವರೆಗೂ ಒಂದು ಪ್ರಕರಣವೂ ಇಲ್ಲದೆ 'ಹಸಿರು ಜಿಲ್ಲೆ' ಎನಿಸಿಕೊಂಡಿದ್ದ ಚಾಮರಾಜನಗರವು ಎರಡನೆಯ ಅಲೆಯಲ್ಲಿ ತತ್ತರಿಸಿತು. ಆಮ್ಲಜನಕದ ಸಿಲಿಂಡರುಗಳು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಿಂದ ಬರಬೇಕಿತ್ತು. ಘಟನೆಯ ನಂತರ ಎಷ್ಟು ಸಾವುಗಳಿಗೆ ಆಮ್ಲಜನಕದ ಕೊರತೆ ಕಾರಣ ಎಂಬುದೇ ವಿವಾದವಾಯಿತು. ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗವನ್ನು ನೇಮಿಸಿತು. ಹೊಣೆ ಯಾರದೆಂದು ಕೇಳುವುದು ನ್ಯಾಯದ ಮೊದಲ ಹೆಜ್ಜೆ. ಮಡಿದವರ ಕುಟುಂಬಗಳಿಗೆ ಆ ಉತ್ತರವನ್ನು ಪಡೆಯುವ ಹಕ್ಕಿದೆ.

ಆದರೆ ವರದಿಗಳ ಅಂಚಿನಲ್ಲಿ ಮತ್ತೊಂದು ಪ್ರಶ್ನೆ ಉಳಿದಿದೆ. ಹಾಸಿಗೆಯ ಬಳಿ ನಿಂತು, ಸಿಲಿಂಡರಿನ ಮುಳ್ಳು ಇಳಿಯುವುದನ್ನು ನೋಡುತ್ತ, ಏನು ಮಾಡಬೇಕೆಂದು ತಿಳಿದಿದ್ದೂ ಮಾಡಲಾರದೆ ಹೋದ ಶುಶ್ರೂಷಕರ ಅಂತರಂಗದಲ್ಲಿ ಏನಾಗುತ್ತದೆ? ಚಾಮರಾಜನಗರದಲ್ಲಿ ಮಾತ್ರವಲ್ಲ, ಆ ವಾರಗಳಲ್ಲಿ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇಂಥ ರಾತ್ರಿಗಳು ಕಳೆದವು. ಇದಕ್ಕೂ ಮೊದಲೇ ಒಂದು ಎಚ್ಚರಿಕೆ ಸಿಕ್ಕಿತ್ತು. 2020ರ ಆಗಸ್ಟ್‌ನಲ್ಲಿ ನೆರೆಯ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ತಾಳಲಾರದ ಕೆಲಸದ ಒತ್ತಡವೇ ಕಾರಣವೆಂದು ಆರೋಪಿಸಿ ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗಿಳಿದರು. ಯೋಧನೆಂದು ಕರೆಸಿಕೊಂಡವನೂ ಕುಸಿಯಬಲ್ಲನೆಂಬುದು ಅಂದು ನಮ್ಮ ಬಾಗಿಲಲ್ಲೇ ಪ್ರಕಟವಾಯಿತು.

ಸ್ಮೃತಿಯಲ್ಲಿ ಉಳಿದವರು, ಉಳಿಯದವರು

ಸೋಂಕುಪೀಡಿತರ ಸೇವೆಯು ಧರ್ಮಸಭೆಯ ಅತ್ಯಂತ ಹಳೆಯ ನೆನಪುಗಳಲ್ಲಿ ಒಂದು. ಮೂರನೆಯ ಶತಮಾನದ ಮಹಾಮಾರಿಯ ಕಾಲದಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ದಿಯೊನೀಸಿಯಸರು ಬರೆದ ಪತ್ರವನ್ನು ಇತಿಹಾಸಕಾರ ಯೂಸೇಬಿಯಸರು ಉಳಿಸಿಕೊಟ್ಟಿದ್ದಾರೆ. ರೋಗಿಗಳನ್ನು ಉಪಚರಿಸುತ್ತ ಮಡಿದ ಗುರುಗಳ, ಸೇವಾದರ್ಶಿಗಳ, ಶ್ರೀಸಾಮಾನ್ಯರ ಮರಣವು ರಕ್ತಸಾಕ್ಷಿಗಳ ಮರಣಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲವೆಂಬುದು ಅವರ ನಿಲುವು. 1591ರಲ್ಲಿ ರೋಮ್ ನಗರದಲ್ಲಿ ಸೋಂಕುಪೀಡಿತರ ಸೇವೆ ಮಾಡುತ್ತ 23ರ ಹರೆಯದಲ್ಲಿ ಅಸುನೀಗಿದ ಸಂತ ಅಲೋಶಿಯಸ್ ಗೊನ್ಜಾಗರ ಹೆಸರು ಮಂಗಳೂರಿನ ಕಾಲೇಜಿನ ಮೂಲಕ ಕನ್ನಡನಾಡಿಗೆ ಚಿರಪರಿಚಿತ. ಸಂತ ಕಮಿಲ್ಲಸರ ಸಂಘವು ಪ್ರಾಣಾಪಾಯವಿದ್ದರೂ ರೋಗಿಗಳ ಸೇವೆ ಮಾಡುವ ನಾಲ್ಕನೆಯ ವ್ರತವನ್ನು ಇಂದಿಗೂ ಸ್ವೀಕರಿಸುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರರು 1890ರಲ್ಲಿ ಕುಷ್ಠರೋಗಿಗಳಿಗೂ 1902ರಲ್ಲಿ ಪ್ಲೇಗ್ ಪೀಡಿತರಿಗೂ ಆಶ್ರಯ ಕಟ್ಟಿದರು. 2017ರಲ್ಲಿ ಜಗದ್ಗುರು ಫ್ರಾನ್ಸಿಸರು ಪರರಿಗಾಗಿ ಪ್ರಾಣಾರ್ಪಣೆ ಮಾಡಿದವರನ್ನು ಪುನೀತರೆಂದು ಸಾರಲು ಪ್ರತ್ಯೇಕವಾದ ಹಾದಿಯನ್ನೇ ತೆರೆದರು.

ಈ ಪರಂಪರೆ ಹೆಮ್ಮೆಯದು. ಆದರೂ ಅದರಲ್ಲಿ ಒಂದು ಮೌನವಿದೆ. ಮಡಿದ ಶುಶ್ರೂಷಕನಿಗೆ ಇಲ್ಲಿ ಹೆಸರುಂಟು, ಹಬ್ಬವುಂಟು. ಬದುಕಿ ಉಳಿದು, ನಿದ್ದೆ ಕಳೆದುಕೊಂಡು, ಕೈಯಲ್ಲಿ ಜಾರಿಹೋದ ಮುಖಗಳನ್ನು ವರ್ಷಗಟ್ಟಲೆ ಹೊತ್ತು ನಡೆದವನಿಗೆ ಪಂಚಾಂಗದಲ್ಲಿ ಒಂದು ದಿನವೂ ಇಲ್ಲ. ರಕ್ತಸಾಕ್ಷಿಯ ಭಾಷೆಯಾಗಲಿ, ಇಂದಿನ ಯೋಧನ ಭಾಷೆಯಾಗಲಿ, ಎರಡೂ ಆತನನ್ನು ಗೌರವಿಸುತ್ತಲೇ ಆತನ ಬಾಯಿ ಕಟ್ಟುತ್ತವೆ. ಯೋಧನಾದವನು ದಣಿದೆನೆಂದು ಹೇಳುವುದು ಹೇಗೆ? 2020ರ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಕೆಲಸ ಬಹಿಷ್ಕರಿಸಬೇಕಾಯಿತು. ಬಿರುದು ಕೊಡುವುದು ಎಷ್ಟು ಸುಲಭ, ಭಾರ ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲೀಯನಿಗೆ ರೊಟ್ಟಿ, ಮೋಶೆಗೆ ಎಪ್ಪತ್ತು ಮಂದಿ

ಪವಿತ್ರ ಗ್ರಂಥವು ಈ ವಿಷಯದಲ್ಲಿ ನಮ್ಮ ಸ್ಮೃತಿಗಿಂತ ಹೆಚ್ಚು ದಿಟ್ಟವಾಗಿದೆ. ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಅವನಿಗೆ ದೊರೆತ ಮೊದಲ ಉತ್ತರ ಉಪದೇಶವಲ್ಲ, ಗದರಿಕೆಯಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ. ದೇವರ ಮೃದುದನಿ ಕೇಳಿಸುವುದು ಅದೆಲ್ಲ ಆದ ಬಹಳ ದಿನಗಳ ಮೇಲೆ. ಸಂಖ್ಯಾಕಾಂಡದ 11ನೆಯ ಅಧ್ಯಾಯದಲ್ಲಿ ಮೋಶೆಯೂ ಇಡೀ ಜನಾಂಗದ ಭಾರವನ್ನು ಒಬ್ಬನೇ ಹೊರಲಾರೆ, ಇದಕ್ಕಿಂತ ಸಾವೇ ಲೇಸು ಎಂದು ದೇವರ ಮುಂದೆ ಗೋಳಾಡುತ್ತಾನೆ. ದೇವರು ಅವನ ವಿಶ್ವಾಸವನ್ನು ಶಂಕಿಸುವುದಿಲ್ಲ. ಭಾರ ಹಂಚಿಕೊಳ್ಳಲು ಎಪ್ಪತ್ತು ಹಿರಿಯರನ್ನು ಕೊಡುತ್ತಾರೆ.

ಈ ಎರಡು ಉತ್ತರಗಳನ್ನು ಬೇರ್ಪಡಿಸಿ ಓದಬಾರದು. ಎಲೀಯನ ಕಥೆ ದೇಹದ ವಿಶ್ರಾಂತಿಯ ಕುರಿತದ್ದಾದರೆ ಮೋಶೆಯ ಕಥೆ ವ್ಯವಸ್ಥೆಯ ಕುರಿತದ್ದು. ಒಬ್ಬ ದಾದಿಯ ಪಾಲಿಗೆ ಹತ್ತು ಜನರ ಕೆಲಸ ಬಿದ್ದಾಗ ಆಕೆಗೆ ಧ್ಯಾನಕೂಟವನ್ನಷ್ಟೇ ಏರ್ಪಡಿಸುವುದು ಮೋಶೆಗೆ ಎಪ್ಪತ್ತು ಮಂದಿಯ ಬದಲು ಒಂದು ಪ್ರವಚನ ಕೊಟ್ಟಂತಾಗುತ್ತದೆ. ನಮ್ಮ ಧರ್ಮಭಗಿನಿಯರು ನಡೆಸುವ ಆಸ್ಪತ್ರೆಗಳೂ ಈ ಮಾತಿಗೆ ಹೊರತಲ್ಲ.

ತಪ್ಪೊಪ್ಪಿಗೆಯೋ, ಗಾಯವೋ?

ಗುರುವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ ಸ್ಥಳ ಪಾಪನಿವೇದನೆಯ ಪೀಠ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಅವರು 1990ರ ದಶಕದಲ್ಲಿ 'ನೈತಿಕ ಗಾಯ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಮೇಲಿನವರ ವಿಶ್ವಾಸದ್ರೋಹದಿಂದ, ಸರಿಯಾದುದನ್ನು ಮಾಡುವ ದಾರಿಯೇ ಮುಚ್ಚಿಹೋದ ಮನುಷ್ಯನ ಅಂತಃಸಾಕ್ಷಿಗೆ ಬೀಳುವ ಪೆಟ್ಟು ಅದು. ಸೋಂಕಿನ ನಂತರ ಈ ಮಾತು ಆಸ್ಪತ್ರೆಯ ಸಿಬ್ಬಂದಿಗೂ ಅನ್ವಯಿಸತೊಡಗಿತು.

ಇಂಥ ಗಾಯಗೊಂಡವರು ಅನೇಕ ವೇಳೆ ಗಾಯವನ್ನು ಪಾಪವೆಂದು ಹೆಸರಿಸುತ್ತಾರೆ. 'ನಾನು ಅವರನ್ನು ಸಾಯಲು ಬಿಟ್ಟೆ' ಎಂದು ದಾದಿಯೊಬ್ಬಳು ಮೊಣಕಾಲೂರಿದಾಗ ಆತುರದಿಂದ ಪಾಪವಿಮೋಚನೆಯ ಮಾತನ್ನು ಉಚ್ಚರಿಸಿದರೆ ಆಕೆಯ ಸುಳ್ಳು ಅಪರಾಧಪ್ರಜ್ಞೆಗೆ ನಾವೇ ಮುದ್ರೆ ಒತ್ತಿದಂತೆ. ಅಸಾಧ್ಯವಾದುದಕ್ಕೆ ಯಾರೂ ಬಾಧ್ಯರಲ್ಲ ಎಂಬುದು ನೈತಿಕ ದೈವಶಾಸ್ತ್ರದ ಹಳೆಯ ಸೂತ್ರ. ಸಿಲಿಂಡರ್ ತರಿಸುವ ಅಧಿಕಾರವಾಗಲಿ, ಹಾಸಿಗೆ ಹೆಚ್ಚಿಸುವ ಹಣವಾಗಲಿ ಆಕೆಯ ಕೈಯಲ್ಲಿರಲಿಲ್ಲ. ನಿಜವಾದ ಲೋಪವಿದ್ದರೆ ಅದಕ್ಕೆ ಕ್ಷಮೆಯುಂಟು. ಲೋಪವಿಲ್ಲದ ಕಡೆ ಬೇಕಾದದ್ದು ಕ್ಷಮೆಯಲ್ಲ, ಸತ್ಯ: 'ಅಮ್ಮಾ, ಇದು ನಿಮ್ಮ ಪಾಪವಲ್ಲ, ಇದು ನಿಮಗಾದ ಗಾಯ.' ಆಮೇಲೆ ಮೌನವಾಗಿ ಕೇಳಿಸಿಕೊಳ್ಳುವ ತಾಳ್ಮೆ. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ಸಂಕೋಚವಿಲ್ಲದೆ ಕಳುಹಿಸುವ ವಿವೇಕ. 88ನೆಯ ಕೀರ್ತನೆಯು ಸಾಂತ್ವನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನೂ ರಾತ್ರಿಯ ಪ್ರಾರ್ಥನೆಯಲ್ಲಿ ಹಾಡುತ್ತದೆ. ದುಃಖವನ್ನು ಬೇಗ ಮುಗಿಸುವ ಅವಸರ ನಮಗೆ ಬೇಡ.

ಜೀವ ತೆಗೆದುಕೊಂಡವರ ವಿಷಯದಲ್ಲೂ ಧರ್ಮಸಭೆ ಕಲಿತಿದೆ. 1917ರ ಧರ್ಮಸಭಾ ಕಾನೂನು ಉದ್ದೇಶಪೂರ್ವಕ ಆತ್ಮಹತ್ಯೆಗೆ ಧಾರ್ಮಿಕ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿರಾಕರಣೆ ಇಲ್ಲ. ತೀವ್ರ ಮನೋವೇದನೆಯು ವ್ಯಕ್ತಿಯ ಹೊಣೆಗಾರಿಕೆಯನ್ನು ತಗ್ಗಿಸಬಲ್ಲದೆಂದು ಕಥೋಲಿಕ ಧರ್ಮೋಪದೇಶವು ತನ್ನ 2282ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಮಡಿದ ಮೇಲೆ ತೋರುವ ಈ ಕರುಣೆಯನ್ನು ಬದುಕಿರುವಾಗಲೇ ತೋರಿಸುವುದು ಪಾಲನಾ ಸೇವೆಯ ಮುಂದಿನ ಹೆಜ್ಜೆ.

ಸಂತ ಕಮಿಲ್ಲಸರ ಜೀವನದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅವರ ಕಾಲಿನಲ್ಲಿ ಕೊನೆಯವರೆಗೂ ಮಾಯದ ಹುಣ್ಣೊಂದಿತ್ತು. ಅದಕ್ಕೆ ಚಿಕಿತ್ಸೆ ಪಡೆಯಲೆಂದೇ ಅವರು ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಬಂದದ್ದು, ಅಲ್ಲಿಯೇ ಶುಶ್ರೂಷಕರಾದದ್ದು. ದಾದಿಯರ ಈ ಪಾಲಕ ಸಂತ ಜೀವನವಿಡೀ ರೋಗಿಯೂ ಆಗಿದ್ದರು. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಅವರ ಹಬ್ಬ ಬರುತ್ತದೆ. ಅಂದು ನಮ್ಮ ಧರ್ಮಕೇಂದ್ರಗಳ ಬಲಿಪೂಜೆಯಲ್ಲಿ ಸೋಂಕಿನ ಕಾಲದಲ್ಲಿ ಮಡಿದ ರೋಗಿಗಳ ಜೊತೆಗೆ, ಅವರ ಹಾಸಿಗೆಯ ಬಳಿ ನಿಂತು ಬದುಕುಳಿದ ಡಿ ಗ್ರೂಪ್ ನೌಕರರನ್ನೂ ದಾದಿಯರನ್ನೂ ವೈದ್ಯರನ್ನೂ ನೆನೆಯೋಣ. ಪೂಜೆ ಮುಗಿದ ಮೇಲೆ ಅವರನ್ನು ಸನ್ಮಾನದ ವೇದಿಕೆಗೆ ಹತ್ತಿಸುವುದು ಬೇಡ. ಊಟಕ್ಕೆ ಕೂರಿಸಿ, ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಜೊತೆಯಲ್ಲಿ ಕುಳಿತಿರೋಣ.