ವಿಶೇಷ ವೈದ್ಯಕೀಯ ಅನುಮತಿ (ವಿಮಾನಯಾನ)

ವಿಶೇಷ ವೈದ್ಯಕೀಯ ಅನುಮತಿ ಎಂಬುದು ಕಾಯಿಲೆಯ ಕಾರಣದಿಂದ ಹಾರಾಟದ ಅರ್ಹತೆ ಕಳೆದುಕೊಂಡ ಪೈಲಟ್‌ಗಳಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ವಿಮಾನಯಾನ ಆಡಳಿತವು ವೈದ್ಯಕೀಯ ಪ್ರಮಾಣಪತ್ರವನ್ನು ಷರತ್ತುಬದ್ಧವಾಗಿ ನೀಡುವ ವ್ಯವಸ್ಥೆಯಾಗಿದೆ.

ಅನರ್ಹತೆ
ಹೃದಯಾಘಾತ, ಅಪಸ್ಮಾರ, ಇನ್ಸುಲಿನ್ ಅಗತ್ಯವಿರುವ ಮಧುಮೇಹ ಸೇರಿದಂತೆ 15 ಸ್ಥಿತಿಗಳನ್ನು ಅಲ್ಲಿನ ನಿಯಮಗಳು ಅನರ್ಹತೆಗೆ ಕಾರಣವೆಂದು ಹೆಸರಿಸಿವೆ. ಆದರೆ ರೋಗನಿರ್ಣಯವೊಂದೇ ಅಂತಿಮ ತೀರ್ಮಾನವಲ್ಲ.

ಪ್ರಕ್ರಿಯೆ
ತಮ್ಮ ಹಾರಾಟದಿಂದ ಸಾರ್ವಜನಿಕ ಸುರಕ್ಷತೆಗೆ ಅಪಾಯವಿಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಇದಕ್ಕಾಗಿ ಆಸ್ಪತ್ರೆಯ ದಾಖಲೆಗಳನ್ನೂ ತಜ್ಞರ ವರದಿಗಳನ್ನೂ ಸಲ್ಲಿಸಬೇಕಾಗುತ್ತದೆ. ಹೃದ್ರೋಗವಿದ್ದವರು ಟ್ರೆಡ್‌ಮಿಲ್ ಪರೀಕ್ಷೆಯಂತಹ ತಪಾಸಣೆಗಳಿಗೂ ಒಳಗಾಗುತ್ತಾರೆ. ಅನುಮತಿಗೆ ಕಾಲಮಿತಿಯಿದ್ದು, ಆರೋಗ್ಯ ಹದಗೆಟ್ಟರೆ ಅದನ್ನು ಹಿಂಪಡೆಯಬಹುದು.

ಬದಲಾವಣೆಗಳು
ಚಿಕಿತ್ಸೆ ಸುಧಾರಿಸಿದಂತೆ ನಿಲುವೂ ಸಡಿಲಗೊಂಡಿದೆ. ಇನ್ಸುಲಿನ್ ಪಡೆಯುವವರಿಗೆ 1996ರಲ್ಲಿ ಮೂರನೇ ದರ್ಜೆಯ ಪ್ರಮಾಣಪತ್ರದ ಅವಕಾಶ ದೊರೆಯಿತು. ರಕ್ತದ ಸಕ್ಕರೆಯನ್ನು ನಿರಂತರವಾಗಿ ಅಳೆಯುವ ಸಾಧನಗಳು ಬಂದ ಬಳಿಕ, 2019ರಲ್ಲಿ ವಾಣಿಜ್ಯ ಹಾರಾಟಕ್ಕೆ ಬೇಕಾದ ಮೇಲಿನ ದರ್ಜೆಗಳಿಗೂ ಅದು ವಿಸ್ತರಿಸಿತು. 2010ರಲ್ಲಿ ಖಿನ್ನತೆಯ ನಾಲ್ಕು ಔಷಧಗಳ ಬಳಕೆಗೆ ಷರತ್ತಿನ ಒಪ್ಪಿಗೆ ದೊರೆಯಿತು.

ಮುಚ್ಚಿಡುವಿಕೆ
ಜೀವನೋಪಾಯ ಕಳೆದುಕೊಳ್ಳುವ ಭಯದಿಂದ ಕೆಲವರು ಕಾಯಿಲೆಯನ್ನು ಮರೆಮಾಚುವುದುಂಟು. ಅರ್ಜಿಯಲ್ಲಿ ತಿಳಿದೂ ಸುಳ್ಳು ಹೇಳುವುದು ಶಿಕ್ಷಾರ್ಹ ಅಪರಾಧ. ಅದರಿಂದ ಪೈಲಟ್ ಪರವಾನಗಿಯೂ ರದ್ದಾಗಬಹುದು. ಹೀಗಾಗಿ ಕಾಯಿಲೆಯನ್ನು ತಿಳಿಸಿದವರಿಗೆ ಮರಳಿ ಹಾರುವ ದಾರಿ ಉಳಿದಿರುತ್ತದೆ. ಮುಚ್ಚಿಟ್ಟವರಿಗೆ ಅದೂ ಮುಚ್ಚಿಹೋಗಬಹುದು.